ಹೊಳಪಿನ ಅಡಿಯ ಕೆಮ್ಮಣ್ಣು

ಹಳೆಯ ಅಂಬಾಸಿಡರ್ ಅಥವಾ ಪದ್ಮಿನಿ ಕೊಳ್ಳಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಎಂಜಿನ್ ಸ್ಟಾರ್ಟ್ ಮಾಡಿಸಿ ಸದ್ದು ಕೇಳುತ್ತಾರೆ, ಹೊಗೆಯ ಬಣ್ಣ ನೋಡುತ್ತಾರೆ, ಒಂದು ಸುತ್ತು ಓಡಿಸಿ ಗೇರು ಸಲೀಸಾಗಿ ಬೀಳುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಇದೆಲ್ಲ ಬೇಕಾದದ್ದೇ. ಆದರೆ ಮೂವತ್ತು ನಲವತ್ತು ವರ್ಷದ ಕಾರಿನಲ್ಲಿ ದುಡ್ಡು ಕರಗುವುದು ಎಂಜಿನ್ನಿಗಿಂತ ಹೆಚ್ಚಾಗಿ ತಗಡಿನಲ್ಲಿ. ಎಂಜಿನ್ ಕೆಟ್ಟರೆ ಬಿಚ್ಚಬಹುದು, ಬೋರ್ ಮಾಡಿಸಬಹುದು, ಪಿಸ್ಟನ್ನು ರಿಂಗು ಬದಲಿಸಬಹುದು; ಕೆಲಸವೆಷ್ಟು, ಖರ್ಚೆಷ್ಟು ಎಂದು ಒಳ್ಳೆಯ ಮೆಕ್ಯಾನಿಕ್ ಮೊದಲೇ ಹೇಳಬಲ್ಲ. ತುಕ್ಕಿನ ವಿಷಯದಲ್ಲಿ ಹಾಗೆ ಹೇಳಲು ಎಂಥ ಟಿಂಕರಿಗೂ ಆಗುವುದಿಲ್ಲ. ತಗಡು ಕತ್ತರಿಸಿ ನೋಡುವವರೆಗೂ ಒಳಗೆ ಎಷ್ಟು ತಿಂದಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹಳೇ ಕಾರು ಮಾರುವವರಲ್ಲಿ ಒಂದು ಮಾತು ಯಾವಾಗಲೂ ಸಿದ್ಧವಾಗಿರುತ್ತದೆ: "ಇದು ಬಯಲುಸೀಮೆ ಗಾಡಿ ಸಾರ್, ತುಕ್ಕಿನ ಮಾತೇ ಇಲ್ಲ." ಮಾತು ಪೂರ್ತಿ ಸುಳ್ಳೇನಲ್ಲ. ಬಾಬಾಬುಡನ್ ಗಿರಿಸಾಲಿನ ಪೂರ್ವಕ್ಕಿರುವ ಕಡೂರು ಮಳೆನೆರಳಿನ ಊರು. ವರ್ಷಕ್ಕೆ 7,000 ಮಿಲಿಮೀಟರಿನ ಸುಮಾರಿಗೆ ಮಳೆ ಸುರಿಯುವ ಆಗುಂಬೆಯಲ್ಲಿ ಬಾಳಿದ ಕಾರಿಗೂ ಕಡೂರಿನ ಬಿಸಿಲಲ್ಲಿ ಬಾಳಿದ ಕಾರಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಆದರೆ ಈ ಮೂರೂ ಊರುಗಳು ಮಲೆನಾಡು ಮುಗಿದು ಬಯಲು ಶುರುವಾಗುವ ಗಡಿಯಲ್ಲಿವೆ. ತರೀಕೆರೆಯಿಂದ ಪಶ್ಚಿಮಕ್ಕೆ ಲಕ್ಕವಳ್ಳಿಯ ದಿಕ್ಕಿಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಭದ್ರಾ ಕಾಡು. ಪೂರ್ವಕ್ಕೆ ಅಜ್ಜಂಪುರದ ದಿಕ್ಕಿಗೆ ಹೊರಟರೆ ಎರೆಹೊಲ. ಅಷ್ಟು ಹತ್ತಿರದಲ್ಲಿ ಎರಡು ಹವಾಮಾನಗಳಿರುವಾಗ 'ಬಯಲುಸೀಮೆ ಗಾಡಿ' ಎಂಬ ಮಾತನ್ನು ಪ್ರಮಾಣಪತ್ರವೆಂದು ತೆಗೆದುಕೊಳ್ಳಲಾಗದು.

ಇನ್ನೊಂದು ಕಾರಣವೂ ಇದೆ. ಕಾರು ಮಾರಾಟವಾಗುವ ಊರೇ ಅದು ಬಾಳಿದ ಊರಾಗಿರಬೇಕಿಲ್ಲ. ಹೊನ್ನಾವರದಿಂದ ಸಾಗರ, ಶಿವಮೊಗ್ಗ, ತರೀಕೆರೆ, ಬೀರೂರು ಹಾದು ಬರುವ ಹೆದ್ದಾರಿ ಕಡೂರನ್ನು ಮುಟ್ಟುತ್ತದೆ. ಮಂಗಳೂರಿನ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ, ಚಿಕ್ಕಮಗಳೂರು ದಾಟಿ ಬಂದರೂ ಸಿಗುವುದು ಕಡೂರೇ. ಕರಾವಳಿಯ ಉಪ್ಪುಗಾಳಿಯಲ್ಲಿ ಇಪ್ಪತ್ತು ವರ್ಷ ಕಳೆದ ಕಾರು ಇಲ್ಲಿಗೆ ಬಂದು, ಎರಡು ವರ್ಷ ಇದ್ದು, ಹೊಸ ಬಣ್ಣ ಬಳಿಸಿಕೊಂಡು 'ಲೋಕಲ್ ಗಾಡಿ' ಆಗಿಬಿಡಬಹುದು. ಹಾಗಾಗಿ ಮೊದಲು ನೋಡಬೇಕಾದದ್ದು ನಂಬರ್ ಪ್ಲೇಟು. ರಾಜ್ಯದೊಳಗೆ ಎಷ್ಟು ಕೈ ಬದಲಾದರೂ ನೋಂದಣಿ ಸಂಖ್ಯೆ ಬದಲಾಗುವುದಿಲ್ಲ. ಕೆಎ 18 ಚಿಕ್ಕಮಗಳೂರಿನದು, ಕೆಎ 66 ತರೀಕೆರೆಯದು. ಕೆಎ 19 ಮಂಗಳೂರು, ಕೆಎ 20 ಉಡುಪಿ. ಆರ್‌.ಸಿ. ಪುಸ್ತಕದಲ್ಲಿ ಹಿಂದಿನ ಮಾಲೀಕರ ವಿಳಾಸಗಳಿದ್ದರೆ ಅವನ್ನೂ ಓದಬೇಕು. ಕಾರಿನ ಜಾತಕ ಅಲ್ಲಿರುತ್ತದೆ.

ಉಪ್ಪಿಗೂ ತುಕ್ಕಿಗೂ ಏನು ನಂಟು? ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ, ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಗೆ ಹೋದರೆ ಸಾಕು. ಅಲ್ಲಿಯ ಮಣ್ಣು ಕೆಂಪಾಗಿರುವುದು ಅದರಲ್ಲಿ ಕಬ್ಬಿಣ ಇರುವುದರಿಂದ. ಆದರೆ ಆ ಕಬ್ಬಿಣ ಆಮ್ಲಜನಕದ ಜೊತೆ ಬೆಸೆದುಕೊಂಡ ಸ್ಥಿತಿಯಲ್ಲಿದೆ, ಅದನ್ನೇ ಅದಿರು ಎನ್ನುತ್ತೇವೆ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಈ ಗುಡ್ಡದ ಅದಿರೇ ಅದಕ್ಕೆ ಆಹಾರ. ಕಾಡಿನ ಸೌದೆಯಿಂದ ಮಾಡಿದ ಇದ್ದಿಲನ್ನು ಅದಿರಿನ ಜೊತೆ ಉರಿಸಿ, ಅದಿರಿನಲ್ಲಿದ್ದ ಆಮ್ಲಜನಕವನ್ನು ಆ ಇದ್ದಿಲು ಎಳೆದುಕೊಳ್ಳುವಂತೆ ಮಾಡಿದರೆ ಉಳಿಯುವುದು ಕಬ್ಬಿಣ. ಅಷ್ಟು ಬೆಂಕಿ ಸುರಿದು ಬಿಡಿಸಿದ ಆಮ್ಲಜನಕವನ್ನು ಕಬ್ಬಿಣ ಅವಕಾಶ ಸಿಕ್ಕಾಗಲೆಲ್ಲ ಗಾಳಿಯಿಂದ ವಾಪಸು ಪಡೆಯಲು ನೋಡುತ್ತದೆ. ತುಕ್ಕು ಎಂದರೆ ಇದೇ. ಕಾರಿನ ಬಾಗಿಲಡಿ ಉದುರುವ ಕೆಂಪು ಪುಡಿಯೂ ಕೆಮ್ಮಣ್ಣುಗುಂಡಿಯ ಮಣ್ಣೂ ಹತ್ತಿರದ ಸಂಬಂಧಿಗಳು.

ಈ ವಾಪಸಾತಿಗೆ ನೀರು ಬೇಕು. ಪೂರ್ತಿ ಒಣಗಾಳಿಯಲ್ಲಿ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ. ಗಾಳಿಯ ತೇವಾಂಶ ಸುಮಾರು ಶೇ 60 ದಾಟಿದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಪೊರೆ ಲೋಹದ ಮೇಲೆ ಕೂರುತ್ತದೆ, ಆಗ ಕೆಲಸ ಚುರುಕಾಗುತ್ತದೆ. ತುಕ್ಕು ಹಿಡಿಯುವುದು ಒಂದು ಬಗೆಯಲ್ಲಿ ಬ್ಯಾಟರಿ ಕೆಲಸ ಮಾಡಿದ ಹಾಗೆ; ಲೋಹದ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಬಹಳ ಸಣ್ಣ ವಿದ್ಯುತ್ತು ಹರಿಯುತ್ತಿರುತ್ತದೆ. ಶುದ್ಧ ನೀರಿನಲ್ಲಿ ಅದು ಕಷ್ಟಪಟ್ಟು ಹರಿಯುತ್ತದೆ, ಉಪ್ಪುನೀರಿನಲ್ಲಿ ಸಲೀಸಾಗಿ ಹರಿಯುತ್ತದೆ. ಕರಾವಳಿಯ ಕಾರು ಬೇಗ ಸವೆಯುವುದು ಇದಕ್ಕೇ.

ಇನ್ನು ಸಾಮಾನ್ಯವಾಗಿ ಯಾರೂ ಊಹಿಸದ ಸಂಗತಿಯೊಂದಿದೆ. ಒಂದೇ ತಗಡಿನ ಒಂದು ಭಾಗಕ್ಕೆ ಗಾಳಿ ಚೆನ್ನಾಗಿ ತಾಗಿ, ಇನ್ನೊಂದು ಭಾಗ ಕೆಸರಿನ ಅಡಿ ಮುಚ್ಚಿಕೊಂಡಿದ್ದರೆ, ಸವೆಯುವುದು ಗಾಳಿ ತಾಗುವ ಭಾಗವಲ್ಲ, ಮುಚ್ಚಿಕೊಂಡ ಭಾಗ. ಆಮ್ಲಜನಕ ಕಡಿಮೆ ಇರುವ ಕಡೆ ಕಬ್ಬಿಣ ಕರಗುತ್ತಾ ಹೋಗುತ್ತದೆ. ಬೇಲಿಯ ಕಬ್ಬಿಣದ ಕಂಬ ಮೇಲೆಲ್ಲ ಗಟ್ಟಿಯಾಗಿದ್ದು ನೆಲದ ಮಟ್ಟದಲ್ಲಿ, ಅಲ್ಲಿಂದ ಸ್ವಲ್ಪ ಕೆಳಗೆ ಮುರಿಯುವುದನ್ನು ತೋಟದವರೆಲ್ಲ ನೋಡಿದ್ದಾರೆ. ಹಾಗಾಗಿ ಕಾರಿನಲ್ಲೂ ಮಳೆ ಬಿದ್ದು ಜಾರಿಹೋಗುವ ಚಾವಣಿಗೆ, ಬಾನೆಟ್ಟಿಗೆ ಅಷ್ಟು ಭಯವಿಲ್ಲ. ನೀರು ಬಂದು ಕೂರುವ ಜಾಗಕ್ಕೆ ಭಯ. ಎರಡು ತಗಡು ಕೂಡಿಸಿ ಬೆಸುಗೆ ಹಾಕಿದ ಅಂಚು, ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಮಡಿಕೆ, ಬಾಗಿಲಿನ ತಳ, ಡಿಕ್ಕಿಯಲ್ಲಿ ಸ್ಟೆಪ್ನಿ ಮಲಗುವ ಗುಳಿ, ಬ್ಯಾಟರಿ ಕೂರುವ ತಟ್ಟೆ, ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಅಡಿ. ಅಜ್ಜಂಪುರದ ಎರೆಮಣ್ಣಿನಲ್ಲಿ ಓಡಾಡಿದ ಗಾಡಿಯ ಮಡ್‌ಗಾರ್ಡಿನೊಳಗೆ ಕೈ ಹಾಕಿ ನೋಡಿ. ಆ ಮಣ್ಣು ನೀರನ್ನು ಹಿಡಿದಿಟ್ಟುಕೊಂಡು ವಾರಗಟ್ಟಲೆ ಹಸಿಯಾಗಿರುತ್ತದೆ. ಮಳೆ ಕಡಿಮೆ ಇದ್ದರೂ ತಗಡಿನ ಮಟ್ಟಿಗೆ ಅದು ಮಳೆಗಾಲವೇ. ಕಡೂರಿನ ಬಿಸಿಲೂ ಬರೀ ಉಪಕಾರಿಯಲ್ಲ. ವರ್ಷಾನುಗಟ್ಟಲೆ ಬಿಸಿಲು ತಿಂದ ಬೀಡಿಂಗ್ ಒಡೆದು ಗಟ್ಟಿಯಾಗುತ್ತದೆ. ಆಮೇಲೆ ವರ್ಷಕ್ಕೆ ನಾಲ್ಕು ಜೋರು ಮಳೆ ಬಿದ್ದರೂ ನೀರು ಗಾಜಿನ ಬುಡದಿಂದ ಇಳಿದು ಕಾರ್ಪೆಟ್ಟಿನ ಅಡಿ ಸೇರುತ್ತದೆ.

ಕಾರಿನ ಮೈಕಟ್ಟು ಗೊತ್ತಿದ್ದರೆ ಯಾವ ತುಕ್ಕಿಗೆ ಹೆದರಬೇಕು, ಯಾವುದನ್ನು ಕ್ಷಮಿಸಬಹುದು ಎಂಬುದು ತಿಳಿಯುತ್ತದೆ. ಜೀಪಿನಲ್ಲೂ 1960ರ ದಶಕದಲ್ಲಿ ಮದ್ರಾಸಿನಿಂದ ಬರುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡಿನಲ್ಲೂ ಕೆಳಗೆ ಪ್ರತ್ಯೇಕ ಚಾಸಿ ಇದೆ. ಭಾರ ಹೊರುವುದು ಅದು, ಬಾಡಿ ಅದರ ಮೇಲೆ ಕೂತಿರುತ್ತದೆ. 1958ರಿಂದ 2014ರವರೆಗೆ ಉತ್ತರಪಾರದಲ್ಲಿ ತಯಾರಾದ ಅಂಬಾಸಿಡರ್, 1964ರಿಂದ ಸುಮಾರು 2000ದವರೆಗೆ ಮುಂಬೈಯಲ್ಲಿ ತಯಾರಾದ ಫಿಯೆಟ್ ಅಥವಾ ಪದ್ಮಿನಿ ಹಾಗಲ್ಲ. ಇವುಗಳಲ್ಲಿ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಒಂದು ಮಿಲಿಮೀಟರಿನ ಆಸುಪಾಸಿನ ತಗಡು ಇಡೀ ಕಾರನ್ನು ಹೊರುವುದು ಹೇಗೆ? ಬೆಂಕಿಪೊಟ್ಟಣದ ಹೊರಕವಚ ನೋಡಿ. ತೆಳು ಕಾಗದವೇ ಆದರೂ ಪೆಟ್ಟಿಗೆಯಾಗಿ ಮಡಚಿದ್ದರಿಂದ ಅದಕ್ಕೆ ಬಲ. ಒಂದು ಬದಿ ಹರಿದರೆ ಉಳಿದ ಮೂರು ಬದಿ ಗಟ್ಟಿಯಿದ್ದರೂ ಪೊಟ್ಟಣ ತಿರುಚಿಕೊಳ್ಳುತ್ತದೆ. ಕಾರಿನ ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾದುಹೋಗುವ ಹೊಸ್ತಿಲು ಇಂಥದೇ ಒಂದು ಟೊಳ್ಳು ಪೆಟ್ಟಿಗೆ. ಕಾರು ನಡುವೆ ಕುಸಿಯದಂತೆ ಹಿಡಿದಿರುವುದರಲ್ಲಿ ಅದರ ಪಾಲು ದೊಡ್ಡದು. ಟೊಳ್ಳಾದ್ದರಿಂದ ಒಳಗೆ ಸೇರಿದ ತೇವ ಬೇಗ ಹೊರಬರುವುದಿಲ್ಲ, ಒಳಗೆ ಬಣ್ಣವೂ ಸರಿಯಾಗಿ ತಲುಪಿರುವುದಿಲ್ಲ. ಅಂಬಾಸಿಡರಿನಲ್ಲಿ ಇನ್ನೊಂದು ಜಾಗವನ್ನು ಮರೆಯಬಾರದು. ಅದರ ಮುಂದಿನ ಸಸ್ಪೆನ್ಷನ್ನಿನಲ್ಲಿ ತಿರುಚುವ ಉದ್ದನೆಯ ಸರಳುಗಳಿವೆ, ಟಾರ್ಷನ್ ಬಾರ್ ಎನ್ನುತ್ತಾರೆ. ಅವುಗಳ ಹಿಂದಿನ ತುದಿ ಕಾರಿನ ತಳದಲ್ಲಿ ಅಡ್ಡಕ್ಕಿರುವ ತೊಲೆಗೆ ಕಚ್ಚಿಕೊಂಡಿರುತ್ತದೆ. ಮುಂಭಾಗದ ಭಾರವೆಲ್ಲ ಕೊನೆಗೆ ಆ ಹಿಡಿತದ ಮೇಲೆ ನಿಂತಿರುವುದರಿಂದ ಅಲ್ಲಿ ತುಕ್ಕು ತಿಂದಿದ್ದರೆ ಅದು ಅಂದಚಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ.

ಕೆಲವು ಸಮಯದ ಹಿಂದೆ ನೆಂಟರೊಬ್ಬರು ಕೊಳ್ಳಬೇಕೆಂದಿದ್ದ ಅಂಬಾಸಿಡರ್ ನೋಡಲು ನಾನೂ ಹೋಗಿದ್ದೆ. ಕೆನೆ ಬಣ್ಣ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಬೀರೂರಿನ ಹತ್ತಿರದ ಒಂದು ಗ್ಯಾರೇಜಿನಲ್ಲಿ ಗುಂಡಿಯ ಮೇಲೆ ನಿಲ್ಲಿಸಿದೆವು. ಅಲ್ಲಿಯ ಟಿಂಕರ್ ಅರವತ್ತು ದಾಟಿದವರು. ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ಸ್ಕ್ರೂಡ್ರೈವರನ್ನು ತಲೆಕೆಳಗು ಹಿಡಿದು ಅದರ ಹಿಡಿಯಿಂದ ಮಡ್‌ಗಾರ್ಡಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬಂದರು. ಟಣ್ ಟಣ್ ಎಂದು ಬರುತ್ತಿದ್ದ ಸದ್ದು ಚಕ್ರದ ಹಿಂಭಾಗದಲ್ಲಿ, ನೆಲದಿಂದ ಒಂದು ಗೇಣು ಮೇಲೆ, ದಬ್ ದಬ್ ಎಂದು ಮಂಕಾಯಿತು. ಜೇಬಿನಿಂದ ಹಳೆಯ ಸ್ಪೀಕರಿನ ಆಯಸ್ಕಾಂತ ತೆಗೆದರು, ಬಣ್ಣಕ್ಕೆ ಗೀರು ಬೀಳದ ಹಾಗೆ ಬಟ್ಟೆ ಸುತ್ತಿದ್ದರು. ಮೇಲೆ ಪಟ್ಟನೆ ಅಂಟಿಕೊಂಡ ಆಯಸ್ಕಾಂತ ಮಂಕು ಜಾಗಕ್ಕೆ ಬಂದಾಗ ಕೈಬಿಟ್ಟು ಜಾರಿತು. "ಕೈ ಇಟ್ಟು ನೋಡಿ ಸಾರ್, ಇದು ತಗಡಲ್ಲ, ಪುಟ್ಟಿ" ಎಂದರು. ಗೋಡೆಗೆ ಪೇಂಟರುಗಳು ಮೆತ್ತುವ ಲಪ್ಪದ ಹಾಗೆ ಕಾರಿಗೂ ಒಂದು ಲಪ್ಪವಿದೆ. ಸಣ್ಣ ತಗ್ಗು ಸಮ ಮಾಡಲು ತೆಳುವಾಗಿ ಹಚ್ಚಿದರೆ ತಪ್ಪಿಲ್ಲ. ತೂತು ಮುಚ್ಚಲು ಬಳಸಿದಾಗ ಅದರ ಹಿಂದೆ ಲೋಹವೇ ಇರುವುದಿಲ್ಲ.

ಆಮೇಲೆ ಅವರು ಮಾಡಿದ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಬಾಗಿಲು ಮುಚ್ಚಿದಾಗ ಅದರ ಸುತ್ತಲಿನ ಸಂದು ಎಷ್ಟಿದೆ ಎಂದು ನೋಡಿಕೊಂಡರು. ಹೊಸ್ತಿಲ ಬಳಿ, ಜಾಕಿ ಕೊಡುವ ಜಾಗದಲ್ಲಿ ಜಾಕಿ ಕೊಟ್ಟು ಕಾರನ್ನು ಒಂದು ಬದಿಗೆ ಎತ್ತಿದರು. ಬಾಗಿಲು ತೆರೆದು ಮತ್ತೆ ಹಾಕಲು ಹೋದರೆ ಅದು ಕಂಬಕ್ಕೆ ತಾಗಿ ನಿಂತಿತು. ಎತ್ತುವ ಮೊದಲು ಸರಾಗವಾಗಿ ಮುಚ್ಚುತ್ತಿದ್ದ ಬಾಗಿಲು! ಹೊಸ್ತಿಲಿಗೆ ಬಲವಿಲ್ಲದೆ ಬಾಡಿಯೇ ಬಾಗುತ್ತಿತ್ತು, ಬೆಂಕಿಪೊಟ್ಟಣದ ಒಂದು ಬದಿ ಹರಿದಿತ್ತು. ಹೀಗೆ ಎತ್ತುವಾಗ ಜಾಕಿ ಕೊಟ್ಟ ಜಾಗದ ತಗಡು ಕರಕರ ಎಂದು ಒಳಗೆ ಕುಸಿದರೆ ಅಲ್ಲಿಗೆ ಪರೀಕ್ಷೆ ಮುಗಿದಂತೆ. ಬರೀ ಜಾಕಿಯ ಮೇಲೆ ನಿಂತ ಕಾರಿನ ಅಡಿ ಯಾವ ಕಾರಣಕ್ಕೂ ನುಸುಳಬೇಡಿ. ಗುಂಡಿಯಿಂದ ಅಥವಾ ರ‍್ಯಾಂಪಿನ ಕೆಳಗಿನಿಂದ ನೋಡಿ.

ಕೆಳಗಿನಿಂದ ನೋಡುವಾಗ ಕಪ್ಪಗೆ ಹೊಸದಾಗಿ ಬಳಿದ ಡಾಂಬರಿನಂಥ ಲೇಪ ಕಂಡರೆ ಖುಷಿಪಡುವ ಬದಲು ನಿಧಾನಿಸಬೇಕು. ಅಂಡರ್‌ಕೋಟಿಂಗ್ ಒಳ್ಳೆಯದೇ, ಆದರೆ ಮಾರುವ ಹಿಂದಿನ ವಾರ ಬಳಿದದ್ದು ತುಕ್ಕಿನ ಮೇಲೆಯೇ ಬಳಿದದ್ದಾಗಿರಬಹುದು. ಹಾಗಿದ್ದರೆ ತೇವ ಒಳಗೇ ಸಿಕ್ಕಿಕೊಂಡು ಕೆಲಸ ಮುಂದುವರಿಸುತ್ತದೆ. ಮಾಲೀಕರ ಒಪ್ಪಿಗೆ ಪಡೆದು ಕಾರ್ಪೆಟ್ಟು ಎತ್ತಿ ನೋಡಿ, ಡಿಕ್ಕಿಯಿಂದ ಸ್ಟೆಪ್ನಿ ಹೊರಗೆ ತೆಗೆಸಿ. ಬಾಗಿಲಿನ ತಳದ ಅಂಚಿನಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದರೆ ಸ್ವಲ್ಪ ಹೊತ್ತಿನಲ್ಲಿ ಅಲ್ಲಿಂದ ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ನೀರು ಬಾಗಿಲೊಳಗೇ ನಿಲ್ಲುತ್ತಿದೆ. ಬಣ್ಣದ ಮೇಲೆ ಕಡಲೆಕಾಳಿನಷ್ಟು ಬೊಬ್ಬೆ ಎದ್ದಿದ್ದರೆ ಅದನ್ನು ಚಿಕ್ಕದೆಂದು ಭಾವಿಸಬೇಡಿ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ, ಹಿಗ್ಗಿದ್ದು ಬಣ್ಣವನ್ನು ಮೇಲಕ್ಕೆ ತಳ್ಳುತ್ತದೆ. ಬಾಗಿಲ ತಳದಲ್ಲೋ ಹೊಸ್ತಿಲ ಮೇಲೋ ಇಂಥ ಬೊಬ್ಬೆ ಎದ್ದಿದ್ದರೆ ಬಹಳ ಸಲ ತುಕ್ಕು ಒಳಗಿನಿಂದ ಹೊರಟು ಹೊರಗೆ ತಲುಪಿರುತ್ತದೆ. ಕಣ್ಣಿಗೆ ಕಾಣುವುದು ಅದರ ಕೊನೆಯ ಹಂತ.

ನಮ್ಮ ಕಡೆಯ ತೋಟದ ಜೀಪುಗಳ ಕಥೆ ಇನ್ನೂ ಬೇರೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವವರಿಗೆ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು ಎಂಬುದು ಗೊತ್ತು. ದ್ರಾವಣ ಹದಕ್ಕೆ ಬಂದಿದೆಯೇ ಎಂದು ನೋಡಲು ಹೊಳೆಯುವ ಚಾಕು ಅದ್ದುತ್ತಾರೆ. ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಸೇರಿಸುತ್ತಾರೆ. ಮೈಲುತುತ್ತ ಹೊತ್ತು ತರುವ ಜೀಪಿನ ಹಿಂಭಾಗದಲ್ಲಿ ಅದು ಚೆಲ್ಲಿದರೆ, ಆ ಚಾಕುವಿನ ಮೇಲೆ ನಡೆಯುವುದೇ ಅಲ್ಲೂ ನಡೆಯುತ್ತದೆ. ತಾಮ್ರ ಕಬ್ಬಿಣದ ಮೇಲೆ ಬಂದು ಕೂರುವಾಗ ಅಷ್ಟು ಕಬ್ಬಿಣ ಕರಗುತ್ತದೆ, ಕೂತ ತಾಮ್ರ ಪಕ್ಕದ ಕಬ್ಬಿಣವನ್ನೂ ಬೇಗ ತುಕ್ಕಾಗಿಸುತ್ತದೆ. ಗೊಬ್ಬರದ ಚೀಲದಿಂದ ಉದುರುವ ಪೊಟ್ಯಾಷ್ ಕೂಡ ರಾಸಾಯನಿಕವಾಗಿ ಒಂದು ಬಗೆಯ ಉಪ್ಪೇ. ಹೀಗಾಗಿ ಸಮುದ್ರವನ್ನೇ ನೋಡದ ತರೀಕೆರೆಯ ಜೀಪಿನ ತಳದಲ್ಲಿ ಮಲ್ಪೆಯ ಗಾಡಿಯ ಹಾಗೆ ತೂತು ಬಿದ್ದಿರುವುದು ಸಾಧ್ಯ. ದನದ ಕೊಟ್ಟಿಗೆಯ ಪಕ್ಕದಲ್ಲಿ, ಮಣ್ಣಿನ ನೆಲದ ಮೇಲೆ ವರ್ಷಗಟ್ಟಲೆ ನಿಂತ ಕಾರನ್ನೂ ಇದೇ ಎಚ್ಚರದಿಂದ ನೋಡಬೇಕು. 'ಓಡಿಸಿಯೇ ಇಲ್ಲ, ಶೆಡ್ಡಿನಲ್ಲೇ ಇತ್ತು' ಎಂಬುದು ಎಂಜಿನ್ನಿಗೂ ಒಳ್ಳೆಯ ಮಾತಲ್ಲ, ತಳದ ತಗಡಿಗಂತೂ ಅಲ್ಲವೇ ಅಲ್ಲ. ನೆಲದ ತೇವ ರಾತ್ರಿ ಏರಿ ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ.

ಸಿಕ್ಕ ತುಕ್ಕನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೇಲ್ಮೈಯ ಕೆಂಪು ಧೂಳು ಉಜ್ಜಿದರೆ ಹೋಗುತ್ತದೆ. ಹಸಿ ಅಡಿಕೆ ಸುಲಿದ ಕತ್ತಿ ಕಪ್ಪಾಗುವುದನ್ನು ಇಲ್ಲಿಯವರೆಲ್ಲ ನೋಡಿದ್ದಾರೆ. ಅಡಿಕೆಯ ಚೊಗರು ಕಬ್ಬಿಣದ ಜೊತೆ ಸೇರಿ ಕಪ್ಪು ಪದಾರ್ಥವಾಗುತ್ತದೆ. ತುಕ್ಕಿಗೆ ಹಚ್ಚುವ ಕೆಲವು ದ್ರಾವಣಗಳಲ್ಲಿ ಇರುವುದೂ ಇಂಥ ಚೊಗರೇ, ಅವು ತೆಳು ತುಕ್ಕನ್ನು ಕಪ್ಪು ಪದರವಾಗಿ ಮಾರ್ಪಡಿಸಿ ಬಣ್ಣ ಹಿಡಿಯುವಂತೆ ಮಾಡುತ್ತವೆ. ಪದರಪದರವಾಗಿ ಏಳುವ ತುಕ್ಕಿಗೆ ಅದು ಸಾಲದು, ಅದನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಈಗಾಗಲೇ ಬೆಸುಗೆಯಾಗಿದ್ದರೆ ಹೇಗೆ ಆಗಿದೆ ಎಂದು ಕೇಳಿ. ತುಕ್ಕು ತಿಂದ ತಗಡಿನ ಮೇಲೆಯೇ ಹೊಸ ತುಂಡು ಹೊದಿಸಿ ಬೆಸೆದಿದ್ದರೆ ಎರಡರ ನಡುವೆ ನೀರಿಗೆ ಹೊಸದೊಂದು ಮನೆ ಕಟ್ಟಿಕೊಟ್ಟಂತೆ. ಬೆಸುಗೆಯ ಬಿಸಿಗೆ ಒಳಬದಿಯ ಬಣ್ಣ ಸುಟ್ಟುಹೋಗಿರುತ್ತದೆ. ಆಮೇಲೆ ಟೊಳ್ಳಿನೊಳಕ್ಕೆ ಮೇಣವನ್ನೋ ಎಣ್ಣೆಯನ್ನೋ ಸಿಂಪಡಿಸದಿದ್ದರೆ ಹೊಸ ತಗಡೂ ಬಾಳುವುದಿಲ್ಲ.

ಕಾನೂನಿನ ಕಡೆಯಿಂದಲೂ ಇದು ಮುಖ್ಯ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿಸಿಕೊಂಡ ವಾಹನಗಳನ್ನು ವಿಂಟೇಜ್ ಎಂದು, 'ವಿಎ' ಅಕ್ಷರಗಳಿರುವ ಸಂಖ್ಯೆಯೊಂದಿಗೆ ನೋಂದಾಯಿಸಬಹುದು. ಚಾಸಿ, ಬಾಡಿಯ ಕವಚ ಅಥವಾ ಎಂಜಿನ್ ಗಣನೀಯವಾಗಿ ಬದಲಾಗಿರಬಾರದು ಎಂಬುದು ಷರತ್ತು. ಅರ್ಧ ಕಾರನ್ನೇ ಕತ್ತರಿಸಿ ಹೊಸದಾಗಿ ಕಟ್ಟಿದ್ದರೆ ಈ ಹಾದಿ ಕಷ್ಟವಾಗಬಹುದು. ಅಷ್ಟು ಹಳೆಯದಲ್ಲದ ಕಾರಿಗೆ 15 ವರ್ಷದ ನಂತರ ನೋಂದಣಿ ನವೀಕರಿಸುವಾಗ ತಪಾಸಣೆಗೆ ಹೋಗಲೇಬೇಕು.

ನನ್ನ ಅಭಿಪ್ರಾಯ ಇಷ್ಟು. ಬಾಗಿಲು, ಮಡ್‌ಗಾರ್ಡು, ಡಿಕ್ಕಿಯ ತಳ ತುಕ್ಕು ಹಿಡಿದಿದ್ದರೆ ಅದರ ಖರ್ಚನ್ನು ಬೆಲೆಯಲ್ಲಿ ಕಳೆದು ಧೈರ್ಯವಾಗಿ ಕೊಳ್ಳಬಹುದು. ಹೊಸ್ತಿಲು, ಟಾರ್ಷನ್ ಬಾರ್ ಕಚ್ಚಿರುವ ತೊಲೆ, ಹಿಂದಿನ ಲೀಫ್ ಸ್ಪ್ರಿಂಗಿನ ಹಿಡಿತ, ಇವು ಹೋಗಿದ್ದರೆ ಅಪ್ಪ ಓಡಿಸುತ್ತಿದ್ದ ಮಾದರಿ ಎಂಬ ಮಮತೆಗೆ ಸೋಲದೆ ಬಿಟ್ಟುಬರುವುದು ಲೇಸು. ಇನ್ನೊಂದು ಮಾತನ್ನು ಕೊಳ್ಳುವವರಿಗೂ ಮಾರುವವರಿಗೂ ಹೇಳಬೇಕೆನಿಸುತ್ತದೆ. ಕಾರು ನೋಡಲು ಹೋಗುವಾಗ ಹಳೆಯ ಟಿಂಕರ್ ಒಬ್ಬರನ್ನು ಕರೆದುಕೊಂಡು ಹೋಗಿ, ಅವರ ನೋಟವನ್ನೇ ಒಂದು ಕೆಲಸವೆಂದು ಲೆಕ್ಕ ಹಾಕಿ ಕೂಲಿ ಕೊಡಿ. ನಾವು ಮೆಕ್ಯಾನಿಕ್ಕನಿಗೆ ಕೊಡುವ ಮರ್ಯಾದೆಯನ್ನು ತಗಡಿನ ಕೆಲಸದವರಿಗೆ ಕೊಟ್ಟಿಲ್ಲ. ಸದ್ದು ಕೇಳಿಯೇ ತಗಡನ್ನು ಗುರುತಿಸುವ ಆ ಕಿವಿಗಳು ಈಗ ಬಹಳ ಉಳಿದಿಲ್ಲ, ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ.

ಆ ದಿನ ನೆಂಟರು ಕೆನೆ ಬಣ್ಣದ ಕಾರನ್ನು ಕೊಳ್ಳಲಿಲ್ಲ. ಹೊರಡುವಾಗ ಟಿಂಕರಿಗೆ ಒಂದು ದಿನದ ಕೂಲಿ ಕೊಡಲು ಹೋದರೆ, "ಬರೀ ನೋಡಿದ್ದಕ್ಕೆ ದುಡ್ಡು ಯಾಕೆ ಸಾರ್" ಎಂದು ಕೈ ಹಿಂದಕ್ಕೆ ಎಳೆದುಕೊಂಡರು. ಒತ್ತಾಯ ಮಾಡಿ ಜೇಬಿಗೆ ಹಾಕಬೇಕಾಯಿತು. ಅಷ್ಟರಲ್ಲಿ ಕಾರಿನ ಮಾಲೀಕರು, ತಮಗೂ ಒಳಗೆ ಇಷ್ಟು ತಿಂದಿರುವುದು ಗೊತ್ತಿರಲಿಲ್ಲವೆಂದು ಹೇಳುತ್ತಾ, ಆ ಹೊಸ್ತಿಲನ್ನು ಕತ್ತರಿಸಿ ಕಟ್ಟಲು ಎಷ್ಟು ದಿನ ಬೇಕಾದೀತು ಎಂದು ಅವರನ್ನೇ ಕೇಳುತ್ತಿದ್ದರು.